ಕೈಯಲ್ಲಿ ಹಿಡಿಯುವ ರೇಡಿಯೋ ಸ್ಕ್ಯಾನರ್: ಕೊಳ್ಳುವ ಮುನ್ನ



ಬೇಸಿಗೆ ಮುಗಿಯುತ್ತಾ ಬಂದು ಇಲ್ಲಿನ ಗುಡ್ಡಗಳು ಒಣಗಿ ಹಳದಿಯಾದಾಗ ಸಂಘದ ಗೆಳೆಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಫೈರ್‌ನವರು, ಪೊಲೀಸರು ಮಾತಾಡೋದು ಕೇಳಿಸುತ್ತಂತಲ್ಲ, ಆ ಸ್ಕ್ಯಾನರ್ ಯಾವುದು ತಗೊಳ್ಳೋದು?" ಕೇಳುವುದಕ್ಕೆ ಕಾರಣವೂ ಇದೆ. 2018ರ ನವೆಂಬರ್ 8ರಂದು ಪ್ಯಾರಡೈಸ್ ಊರನ್ನು ಸುಟ್ಟ ಕ್ಯಾಂಪ್ ಫೈರ್‌ನಲ್ಲಿ 85 ಜನ ತೀರಿಕೊಂಡರು. ಊರು ಬಿಡಿ ಎಂಬ ಸೂಚನೆ ಎಷ್ಟೋ ಜನರಿಗೆ ತಲುಪಲೇ ಇಲ್ಲ. 2019ರ ಅಕ್ಟೋಬರಿನಲ್ಲಿ ಬೆಂಕಿಯ ಭಯದಿಂದ ಕರೆಂಟ್ ತೆಗೆದಾಗ ಮರಿನ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಸೆಲ್ ಟವರುಗಳು ಕೆಲಸ ನಿಲ್ಲಿಸಿದವು. ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ ಎಂದಾಗ ಉಳಿಯುವುದು ರೇಡಿಯೋ ಒಂದೇ.

ಹಾಗಂತ ಅವಸರದಲ್ಲಿ ಕೊಂಡರೆ ಆರೇಳು ನೂರು ಡಾಲರಿನ ಮೌನಿಬಾಬಾ ಮನೆಗೆ ಬರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಈ ನಾಲ್ಕು ಮಾತು.

ಮೊದಲು ಊರು ನೋಡಿ, ಆಮೇಲೆ ಸ್ಕ್ಯಾನರ್

ಸ್ಕ್ಯಾನರ್ ಅಂದರೆ ಬರೀ ಕೇಳುವ ರೇಡಿಯೋ. ಇದರಿಂದ ಮಾತಾಡಲು ಬರುವುದಿಲ್ಲ. ಒಂದಾದ ಮೇಲೊಂದು ಚಾನೆಲ್ಲನ್ನು ಸರಸರನೆ ನೋಡುತ್ತಾ ಹೋಗಿ, ಯಾರಾದರೂ ಮಾತಾಡುತ್ತಿದ್ದರೆ ಅಲ್ಲಿ ನಿಲ್ಲುತ್ತದೆ. ಯಾವ ಸ್ಕ್ಯಾನರ್ ಬೇಕು ಎನ್ನುವುದನ್ನು ನಿರ್ಧರಿಸುವುದು ನಮ್ಮ ಜೇಬಲ್ಲ, ನಮ್ಮ ಕೌಂಟಿ. ರೇಡಿಯೋರೆಫರೆನ್ಸ್ ಎಂಬ ತಾಣದಲ್ಲಿ ನಿಮ್ಮ ಕೌಂಟಿಯ ಪುಟ ತೆರೆದು ಮೂರು ವಿಷಯ ನೋಡಿಕೊಳ್ಳಿ.

ಒಂದು, ಅನಲಾಗೋ ಡಿಜಿಟಲ್ಲೋ? ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಗುದ್ದಾಡಿದ ಅದೇ ಹಳೆಯ ಎಫ್.ಎಂ. ಇನ್ನೂ ಬದುಕಿದೆ. ಕಾಡಿನ ಬೆಂಕಿ ಆರಿಸುವ ಕ್ಯಾಲ್ ಫೈರ್ ಸಂಸ್ಥೆ 151 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನಲಾಗ್‌ನಲ್ಲೇ ಮಾತಾಡುತ್ತದೆ. ಆದರೆ ನಗರಗಳ ಪೊಲೀಸ್ ಮತ್ತು ಫೈರ್ ಇಲಾಖೆಗಳಲ್ಲಿ ಬಹಳಷ್ಟು ಪಿ-25 ಎಂಬ ಡಿಜಿಟಲ್ ಪದ್ಧತಿಗೆ ಹೋಗಿವೆ. ಇದರಲ್ಲಿ ಫೇಸ್ 1, ಫೇಸ್ 2 ಎಂದು ಎರಡು ಬಗೆ. ಫೇಸ್ 2ರಲ್ಲಿ ಒಂದೇ ಚಾನೆಲ್ಲನ್ನು ಕಾಲದಲ್ಲಿ ಇಬ್ಭಾಗ ಮಾಡಿ ಎರಡು ಸಂಭಾಷಣೆ ಕಳಿಸುತ್ತಾರೆ. ಫೇಸ್ 1 ಮಾತ್ರ ಬರುವ ಹಳೆಯ ಸ್ಕ್ಯಾನರ್ ಇದನ್ನು ಬಿಡಿಸಲಾರದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬೇಡಿ.

ಎರಡು, ಟ್ರಂಕಿಂಗ್ ಇದೆಯೋ? ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನೆನಪು ಮಾಡಿಕೊಳ್ಳಿ. ಯಾವ ಕುಟುಂಬಕ್ಕೂ ಕಾಯಂ ಟೇಬಲ್ ಇಲ್ಲ. ಬಾಗಿಲಲ್ಲಿ ನಿಂತವರು ಹೆಸರು ಕೂಗಿ ಖಾಲಿಯಾದ ಟೇಬಲ್ಲಿಗೆ ಕಳಿಸುತ್ತಾರೆ. ಟ್ರಂಕಿಂಗ್ ಕೂಡ ಹಾಗೆಯೇ. ಹೆಸರು ಕೂಗುವವರು ಕಂಟ್ರೋಲ್ ಚಾನೆಲ್, ಟೇಬಲ್ಲುಗಳು ಫ್ರೀಕ್ವೆನ್ಸಿಗಳು, ಕುಟುಂಬಗಳು ಟಾಕ್‌ಗ್ರೂಪುಗಳು. ಸಾಮಾನ್ಯ ಸ್ಕ್ಯಾನರ್ ಒಂದೇ ಟೇಬಲ್ ನೋಡುತ್ತಾ ಕೂರುತ್ತದೆ; ಟ್ರಂಕಿಂಗ್ ಸ್ಕ್ಯಾನರ್ ಕೂಗು ಕೇಳಿಸಿಕೊಂಡು ಕುಟುಂಬದ ಹಿಂದೆ ಹೋಗುತ್ತದೆ.

ಇಲ್ಲೇ ಇನ್ನೊಂದು ತೊಡಕು, ಸೈಮಲ್‌ಕಾಸ್ಟ್. ಹಲವಾರು ಟವರುಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಒಟ್ಟಿಗೆ ಬಿತ್ತರಿಸುತ್ತವೆ. ಜಾತ್ರೆಯಲ್ಲಿ ನಾಲ್ಕು ಕಡೆಯ ಮೈಕಿನಿಂದ ಒಂದೇ ಮಾತು ಚೂರು ಹಿಂದೆಮುಂದೆ ಕೇಳಿದಂತೆ, ಅಲೆಗಳು ಒಂದರ ಮೇಲೊಂದು ಬಿದ್ದು ಡಿಜಿಟಲ್ ಬಿಟ್‌ಗಳು ಕಲಸಿಹೋಗುತ್ತವೆ. ಸಿಗ್ನಲ್ ಪೂರ್ತಿ ಇದ್ದರೂ ಮಾತು ತುಂಡು ತುಂಡಾಗಿ ಬಂದರೆ ಹೆಚ್ಚಾಗಿ ಕಾರಣ ಇದೇ. ಸಾಂಟಾ ಕ್ಲಾರಾ ಕೌಂಟಿಯ ಜಾಲ ಇಂಥದ್ದು.

ಮೂರು, ಎನ್‌ಕ್ರಿಪ್ಷನ್. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ರೇಡಿಯೋರೆಫರೆನ್ಸ್ ಪಟ್ಟಿಯಲ್ಲಿ ಟಾಕ್‌ಗ್ರೂಪಿನ ಪಕ್ಕದ ಸಂಕೇತ ದೊಡ್ಡಕ್ಷರದ 'ಇ'ಯಿಂದ ಮುಗಿದರೆ ಅದು ಗೂಢಲಿಪಿಯಲ್ಲಿದೆ. ಎಷ್ಟೇ ದುಡ್ಡು ಕೊಟ್ಟರೂ ಯಾವ ಸ್ಕ್ಯಾನರೂ ಅದನ್ನು ಕೇಳಿಸುವುದಿಲ್ಲ, ಬಿಡಿಸುವುದು ಕಾನೂನಿಗೂ ವಿರುದ್ಧ. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಜನರ ಖಾಸಗಿ ಮಾಹಿತಿ ರೇಡಿಯೋದಲ್ಲಿ ಹೊರಗೆ ಕೇಳಬಾರದು ಎಂದ ಮೇಲೆ ಅನೇಕ ಪೊಲೀಸ್ ಇಲಾಖೆಗಳು ಎಲ್ಲವನ್ನೂ ಮುಚ್ಚಿದವು. ಪಾಲೊ ಆಲ್ಟೊ ಪೊಲೀಸರು 2021ರಲ್ಲಿ ಮುಚ್ಚಿ 2022ರಲ್ಲಿ ಮತ್ತೆ ತೆರೆದರು. ಫೈರ್ ಚಾನೆಲ್ಲುಗಳು ಮಾತ್ರ ಬಹುಪಾಲು ಕಡೆ ತೆರೆದೇ ಇವೆ. ನಮಗೆ ಬೇಕಾಗಿರುವುದೂ ಅದೇ ತಾನೆ.

ಹಾಗಾದರೆ ಯಾವುದು?

ಕಾಡಿನ ಬೆಂಕಿ, ಅನಲಾಗ್ ಫೈರ್ ಚಾನೆಲ್ ಮತ್ತು ಹವಾಮಾನ ಸಾಕು ಎನ್ನುವವರಿಗೆ ಯೂನಿಡೆನ್ ಬಿಸಿ125ಎಟಿ. ನೂರು-ನೂರೈವತ್ತು ಡಾಲರಿನ ಒಳಗೆ ಸಿಗುತ್ತದೆ, 500 ಚಾನೆಲ್ ಹಿಡಿಯುತ್ತದೆ. ಎರಡು ಎಎ ಬ್ಯಾಟರಿ ಹಾಕಿದರೆ ಓಡುತ್ತದೆ. ಕರೆಂಟ್ ಹೋದಾಗ ಇದು ಸಣ್ಣ ಸಂಗತಿಯಲ್ಲ. ಆದರೆ ಇದರ ಮಿತಿ 512 ಮೆಗಾಹರ್ಟ್ಸ್. 700, 800ರ ಜಾಲಗಳು ಇದಕ್ಕೆ ಎಟುಕುವುದಿಲ್ಲ.

ಪಿ-25 ಟ್ರಂಕಿಂಗ್ ಬೇಕು, ಸೈಮಲ್‌ಕಾಸ್ಟ್ ಇಲ್ಲ ಎಂದರೆ ಯೂನಿಡೆನ್ ಬಿಸಿಡಿ436ಎಚ್‌ಪಿ ಅಥವಾ ಬಿಸಿಡಿ325ಪಿ2 ಸಾಕು. ಸೈಮಲ್‌ಕಾಸ್ಟ್ ಇದ್ದರೆ 2018ರಲ್ಲಿ ಬಂದ ಎಸ್‌ಡಿಎಸ್100 ನೋಡಿ. ಅದರ ರಿಸೀವರ್ ಒಳಗೇ ಬೇರೆ ಥರ. ಕಲಸಿದ ಅಲೆಗಳನ್ನು ಸಾಫ್ಟ್‌ವೇರಿನಿಂದ ಚೆನ್ನಾಗಿ ಬಿಡಿಸುತ್ತದೆ. ಜಿಪ್ ಕೋಡ್ ಒತ್ತಿದರೆ ಊರಿನ ಚಾನೆಲ್ಲುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಬೆಲೆ ಮಾತ್ರ ಆರೇಳು ನೂರು ಡಾಲರ್, ಬ್ಯಾಟರಿಯೂ ಅದರದ್ದೇ ವಿಶೇಷ ಬ್ಯಾಟರಿ, ಆದ್ದರಿಂದ ಜೊತೆಗೊಂದು ಪವರ್‌ಬ್ಯಾಂಕ್ ಇಟ್ಟುಕೊಳ್ಳಿ.

ಊರಿನಿಂದ ಬಂದ ಅಪ್ಪ-ಅಮ್ಮ ಹಗಲು ಹೊತ್ತು ಮನೆಯಲ್ಲಿ ಇಬ್ಬರೇ ಇರುತ್ತಾರೆ ಎನ್ನುವುದು ನಿಮ್ಮ ಚಿಂತೆಯಾದರೆ, ಸ್ಕ್ಯಾನರ್ ಬೇಡವೇ ಬೇಡ. ಇಲ್ಲಿನ ಫೈರ್‌ನವರ ಸಂಕೇತಗಳ ಇಂಗ್ಲಿಷ್ ನಮಗೇ ಅರ್ಥವಾಗಲು ತಿಂಗಳುಗಳು ಬೇಕು. ಅವರಿಗೆ ಒಂದು ನೋವಾ ವೆದರ್ ರೇಡಿಯೋ ತಂದಿಡಿ. 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ ಏಳು ಚಾನೆಲ್. ಕೌಂಟಿಯ ಸಂಖ್ಯೆ ತುಂಬಿಟ್ಟರೆ ನಮ್ಮ ಜಾಗಕ್ಕೆ ಬಂದ ಎಚ್ಚರಿಕೆಗೆ ಮಾತ್ರ ತಾನಾಗಿ ಕೂಗುತ್ತದೆ. ಅದು ಕೂಗಿದರೆ ಪಕ್ಕದ ಮನೆಯ ಬಾಗಿಲು ತಟ್ಟಿ ಎಂದು ಮೊದಲೇ ಹೇಳಿಡಿ.

ಕಾನೂನು ಮತ್ತು ವಾಟ್ಸಾಪ್

ಅಮೆರಿಕದಲ್ಲಿ ತೆರೆದ ಚಾನೆಲ್ ಕೇಳುವುದು ಸಾಮಾನ್ಯವಾಗಿ ತಪ್ಪಲ್ಲ. ಆದರೆ ನ್ಯೂಯಾರ್ಕ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿದೆ. ಬೆಂಗಳೂರಿಗೆ ಹೋಗುವಾಗ ತಮ್ಮನಿಗೆ ಉಡುಗೊರೆ ಎಂದು ಸೂಟ್‌ಕೇಸಿಗೆ ಹಾಕಬೇಡಿ. ಭಾರತದಲ್ಲಿ ಇಂಥ ವೈರ್‌ಲೆಸ್ ಸಾಧನಗಳ ಮೇಲೆ 1933ರ ಕಾಯಿದೆಯಿಂದ 2023ರ ಟೆಲಿಕಾಂ ಕಾಯಿದೆಯವರೆಗೂ ಪರವಾನಗಿಯ ಕಟ್ಟುಪಾಡು ಇದೆ.

ಕೊನೆಯದಾಗಿ, ಕೇಳಿದ್ದನ್ನು ಹಂಚಬೇಡಿ. ಸ್ಕ್ಯಾನರಿನಲ್ಲಿ ಬರುವುದು ಇನ್ನೂ ಖಚಿತವಾಗದ ಮಾತು. 2013ರ ಏಪ್ರಿಲಿನಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ, ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಪೊಲೀಸ್ ಸ್ಕ್ಯಾನರಿನಲ್ಲೇ ಕೇಳಿದೆವು ಎಂದು ಸಾವಿರಾರು ಜನ ಹರಡಿದರು. ಹಾಗೆ ಹೇಳಿದ ದಾಖಲೆಯೇ ಆಮೇಲೆ ಸಿಗಲಿಲ್ಲ. ಆ ಹುಡುಗ ಸ್ಫೋಟಕ್ಕೆ ಮೊದಲೇ ತೀರಿಕೊಂಡಿದ್ದ. ಮಗನನ್ನು ಹುಡುಕುತ್ತಿದ್ದ ಆ ಮನೆಯವರ ಸ್ಥಿತಿ ಏನಾಗಿರಬೇಡ!

ಆದ್ದರಿಂದ ಕೌಂಟಿಯ ತುರ್ತು ಸಂದೇಶಗಳಿಗೆ ಇವತ್ತೇ ನೋಂದಾಯಿಸಿ, ಹೊರಡಿ ಎಂದರೆ ಹೊರಡಿ. ಸ್ಕ್ಯಾನರ್ ಅದಕ್ಕೆ ಜೊತೆ, ಬದಲಿಯಲ್ಲ. ನಿಮ್ಮ ಕೌಂಟಿಯ ಪಟ್ಟಿ ಓದಿ ಅರ್ಥವಾಗದಿದ್ದರೆ ಸಂಘದ ಮುಂದಿನ ಕೂಟದಲ್ಲಿ ಸಿಗುತ್ತೇನೆ, ಕೂತು ನೋಡೋಣ.