ಗೋಗ್ ಯಾರು? ಹರ್ಮಗೆದ್ದೋನ್ ಎಲ್ಲಿ?



ಕ್ರಿಸ್ತರಾಜರ ಹಬ್ಬ ಸಮೀಪಿಸುತ್ತಿದ್ದಂತೆ ಬಲಿಪೂಜೆಯ ವಾಚನಗಳ ಧಾಟಿ ಬದಲಾಗುತ್ತದೆ. ಯುದ್ಧ, ಭೂಕಂಪ, ಮಂಕಾಗುವ ಸೂರ್ಯ, ಒಂದರ ಮೇಲೊಂದು ಎರಗುವ ರಾಷ್ಟ್ರಗಳು. ನೆಲ್ಯಹುದಿಕೇರಿಯ ನಮಗೆ ಇವು ದೂರದ ಮಾತುಗಳಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನದಿದಡದ ಮನೆಗಳನ್ನು ಕೆಡವಿದಾಗ ‘ಇದು ಕಡೇ ಕಾಲ’ ಎಂದು ನಮ್ಮಲ್ಲೇ ಮಾತನಾಡಿಕೊಂಡಿದ್ದೆವು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಮೊಬೈಲುಗಳಿಗೆ ಇನ್ನೊಂದು ಸುದ್ದಿ ಬಂತು: ಪ್ರವಾದಿ ಯೆಜೆಕಿಯೇಲ ಹೇಳಿದ ಗೋಗ್ ರಷ್ಯಾವೇ, ಅಂತಿಮ ಯುದ್ಧ ಶುರುವಾಗಿದೆ!

ಯೆಜೆಕಿಯೇಲನ ಗ್ರಂಥದ 38ನೇ ಅಧ್ಯಾಯದಲ್ಲಿ ಮಾಗೋಗ್ ನಾಡಿನ ಗೋಗ್ ಎಂಬವನು ಉತ್ತರ ದಿಕ್ಕಿನಿಂದ ಇಸ್ರಯೇಲಿನ ಮೇಲೆ ಏರಿಬರುತ್ತಾನೆ. ಅಲ್ಲಿ ಬರುವ ‘ರೋಷ್’ ಎಂಬ ಪದವನ್ನು ಕೆಲವರು ರಷ್ಯಾ ಎನ್ನುತ್ತಾರೆ, ‘ಮೇಷೆಕ್’ ಎಂಬುದನ್ನು ಮಾಸ್ಕೋ ಎನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ರೋಷ್ ಎಂದರೆ ತಲೆ, ಮುಖ್ಯಸ್ಥ. ಮೇಷೆಕ್, ತೂಬಲ್ ನಾಡುಗಳಿದ್ದದ್ದು ಇಂದಿನ ಟರ್ಕಿಯಲ್ಲಿ. ಬರೀ ಸದ್ದು ನೋಡಿ ಅರ್ಥ ಕಟ್ಟಿದರೆ, ಉತ್ತರ ಕನ್ನಡದ ಸಿದ್ದಾಪುರಕ್ಕೆ ಬರೆದ ಕಾಗದ ನಮ್ಮ ಪಕ್ಕದ ಸಿದ್ದಾಪುರಕ್ಕೆ ಬಂದಂತಾಗುತ್ತದೆ.

ಈ ತಪ್ಪು ಹೊಸದಲ್ಲ. ನಾಲ್ಕನೇ ಶತಮಾನದಲ್ಲಿ ಗೋಥರೆಂಬ ಜನಾಂಗ ರೋಮ್ ಸಾಮ್ರಾಜ್ಯದ ಮೇಲೆ ಬಿದ್ದಾಗ, ಸಂತ ಅಂಬ್ರೋಸರಂಥವರೇ ಗೋಗ್ ಎಂದರೆ ಗೋಥರು ಎಂದು ಬರೆದರು. ಗೋಥರ ರಾಜ್ಯಗಳು ಅಳಿದುಹೋದವು, ಲೋಕ ಉಳಿಯಿತು. ಅವರಿಂದಲೇ ಸ್ನಾನದೀಕ್ಷೆ ಪಡೆದ ಸಂತ ಅಗಸ್ಟೀನರು ‘ದೇವರ ನಗರ’ ಎಂಬ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಪ್ರಕಟನಾ ಗ್ರಂಥದ ಗೋಗ್ ಮಾಗೋಗ್ ಭೂಮಿಯ ಒಂದು ಮೂಲೆಯ ಜನವಲ್ಲ, ದೇವರನ್ನು ವಿರೋಧಿಸುವವರು ಎಲ್ಲ ನಾಡುಗಳಲ್ಲೂ ಇದ್ದಾರೆ ಎಂದರು. ಹಾಗಾದರೆ ನಮ್ಮ ಊರಲ್ಲೂ ಇರಬಹುದು, ನಮ್ಮೊಳಗೂ.

ಹರ್ಮಗೆದ್ದೋನ್ ಎಂದರೆ ಮೆಗಿದ್ದೋ ಬೆಟ್ಟ. ಇಸ್ರಯೇಲಿನ ಮೆಗಿದ್ದೋದಲ್ಲಿ ಇರುವುದು ಬೆಟ್ಟವಲ್ಲ, ಹಳೆಯ ಪಟ್ಟಣದ ದಿಬ್ಬ. ಕ್ರಿ.ಪೂ. 609ರಲ್ಲಿ ಸಜ್ಜನ ರಾಜ ಯೋಷೀಯ ಸತ್ತದ್ದು ಅಲ್ಲೇ. ಆ ಹೆಸರು ಕೇಳಿದರೆ ಯೆಹೂದ್ಯರ ಕರುಳು ಕಿವುಚುತ್ತಿತ್ತು. ಪ್ರಕಟನಾ ಗ್ರಂಥದ 16ನೇ ಅಧ್ಯಾಯದಲ್ಲಿ ರಾಜರು ಅಲ್ಲಿ ಸೇರುತ್ತಾರೆ, ಕಾಳಗದ ವರ್ಣನೆ ಮಾತ್ರ ಇಲ್ಲ. 19ನೇ ಅಧ್ಯಾಯದಲ್ಲಿ ಬಿಳಿ ಕುದುರೆ ಏರಿ ಬರುವ ರಾಜರ ನಿಲುವಂಗಿ ಯುದ್ಧಕ್ಕೆ ಮುಂಚೆಯೇ ರಕ್ತದಲ್ಲಿ ತೊಯ್ದಿದೆ. ಖಡ್ಗ ಅವರ ಕೈಯಲ್ಲಿಲ್ಲ, ಬಾಯಲ್ಲಿದೆ. ಆ ರಕ್ತದಲ್ಲಿ ನಾವು ಶಿಲುಬೆಯನ್ನು ಕಾಣುತ್ತೇವೆ. ಆ ಖಡ್ಗ ಅವರ ವಾಕ್ಯ.

ಕಡೆಯ ಶೋಧನೆ ಇದೆ ಎಂದು ಧರ್ಮಸಭೆ ಬೋಧಿಸುತ್ತದೆ, ತಾರೀಕು ಹೇಳುವುದಿಲ್ಲ. ಆ ದಿನ, ಆ ಗಳಿಗೆ ಪಿತನಿಗೆ ಮಾತ್ರ ಗೊತ್ತು ಎಂದು ಮಾರ್ಕನ 13ನೇ ಅಧ್ಯಾಯದಲ್ಲಿ ಪ್ರಭು ಯೇಸುವೇ ಹೇಳಿದ್ದಾರೆ.

ತಾರೀಕು ಹುಡುಕುವುದರಿಂದ ನಷ್ಟವೇನು ಎಂದು ಕೇಳಬಹುದು. 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಊಟದ ಸಾಮಾನು ತರಲು ಹೊರಬಂದಿದ್ದ ಹುಡುಗ. ಅಂಥ ಸಾವನ್ನೂ ‘ಪ್ರವಾದನೆ ನೆರವೇರಿತು’ ಎಂದು ಎಣಿಸಿಕೊಂಡರೆ ಅವನ ತಾಯಿಗೆ ನಾವೇನು ಹೇಳುತ್ತೇವೆ? ನೀರು ಇಳಿದ ಮೇಲೆ ನಮ್ಮ ಕೆಸರಿನ ಮನೆಗಳನ್ನು ದೂರದವರು ಹಾಗೆಯೇ ಗುರುತು ಹಾಕಿಕೊಂಡಿದ್ದರೆ?

ಯೆಜೆಕಿಯೇಲ ಮಾತನಾಡಿದ್ದೂ ಮನೆ ಕಳೆದುಕೊಂಡವರೊಂದಿಗೇ. ಕ್ರಿ.ಪೂ. 597ರಲ್ಲಿ ಅವನೂ ಸೆರೆಯಾಳಾಗಿ ಬಾಬಿಲೋನಿಗೆ ಹೋದವನು. ಸೋತವರಿಗೆ ಅವನು ಸಮರದ ವೇಳಾಪಟ್ಟಿ ಕೊಡಲಿಲ್ಲ, ದೇವರೇ ಕಾಯುತ್ತಾರೆ ಎಂಬ ಧೈರ್ಯ ಕೊಟ್ಟ. 39ನೇ ಅಧ್ಯಾಯದಲ್ಲಿ ಜನ ಊರಿಂದ ಹೊರಬಂದು ಶತ್ರುಗಳ ಬಿಲ್ಲು, ಈಟಿ, ಗುರಾಣಿಗಳನ್ನು ಒಲೆಗೆ ಹಾಕುತ್ತಾರೆ. ಏಳು ವರ್ಷ ಯಾರೂ ಕಾಡಿಗೆ ಸೌದೆಗೆ ಹೋಗಬೇಕಾಗುವುದಿಲ್ಲ. ತೋಟದ ಕೆಲಸ ಮುಗಿಸಿ ಸೌದೆ ಹೊತ್ತು ಬರುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಬೈಲಿಗೆ ಬಂದ ಸುದ್ದಿ 38ಕ್ಕೇ ನಿಂತಿತ್ತು. ಹಬ್ಬದ ವಾರ ಜಪಸರದ ನಂತರ ಮನೆಮಂದಿಯೆಲ್ಲ ಕೂತು 39ನ್ನೂ ಓದೋಣ.