ಪೈಥಾನ್ ಕಲಿಕೆ: ಕೂಗಿ ಹೇಳುವ ತಪ್ಪಿಗಿಂತ ಮೌನದ ತಪ್ಪೇ ಅಪಾಯಕಾರಿ

ಪೈಥಾನ್ ಕಲಿಯಲು ಹೊರಟವರನ್ನು ಮೊದಲ ವಾರದಲ್ಲಿಯೇ ಅಳುಕಿಸುವುದು ಗಣಕದ ಪರದೆಯ ಮೇಲೆ ಮೂಡುವ ದೋಷ ಸಂದೇಶ. ಬರೆದದ್ದು ನಾಲ್ಕು ಸಾಲು, ಗಣಕ ಹೇಳುವ ದೂರು ಎಂಟು ಸಾಲು! 'ಇದು ನಮ್ಮಂಥವರಿಗಲ್ಲ' ಎಂದು ಅಲ್ಲಿಗೇ ಕೈಚೆಲ್ಲುವವರೂ ಉಂಟು. ಆದರೆ ಆ ಸಂದೇಶ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಮಿತ್ರ. ನಿಜಕ್ಕೂ ಹೆದರಬೇಕಾದದ್ದು ಯಾವ ದೂರನ್ನೂ ಹೇಳದೆ, ತಪ್ಪು ಉತ್ತರವನ್ನು ಸರಿಯೆಂಬಂತೆ ಮುಂದಿಡುವ ಪ್ರೋಗ್ರಾಮಿಗೆ. ಈ ಎರಡು ಬಗೆಯ ತಪ್ಪುಗಳ ನಡುವಿನ ಅಂತರವನ್ನು ಅರಿತರೆ ಕಲಿಕೆಯ ಅರ್ಧ ದಾರಿ ಸವೆದಂತೆ.

ನೆದರ್ಲೆಂಡ್ಸ್‌ನ ಗಿಡೋ ವಾನ್ ರೋಸಮ್ ಅವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಆರಂಭಿಸಿ, 1991ರ ಫೆಬ್ರವರಿಯಲ್ಲಿ ಸಾರ್ವಜನಿಕರ ಮುಂದಿಟ್ಟ ಭಾಷೆ ಪೈಥಾನ್. ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ. 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡದ ದೂರದರ್ಶನ ಕಾರ್ಯಕ್ರಮದಿಂದ ಪಡೆದದ್ದು. ಇಂದು ಸಿಬಿಎಸ್‌ಇಯ 11 ಮತ್ತು 12ನೇ ತರಗತಿಗಳ ಕಂಪ್ಯೂಟರ್ ವಿಜ್ಞಾನ ಪಠ್ಯದಲ್ಲಿ ಈ ಭಾಷೆ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರಲ್ಲಿ ತಂದ ಪಠ್ಯಕ್ರಮದ ಮೊದಲ ವರ್ಷದ ವಿಷಯಗಳಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಎಕ್ಸೆಲ್ ಹಾಳೆಗಳೊಡನೆ ಏಗಿ ದಣಿದ ಕಚೇರಿ ನೌಕರರೂ ಇದರತ್ತ ಹೊರಳುತ್ತಿದ್ದಾರೆ.

ಆರಂಭದ ಸಂದೇಹಗಳು

ಗಣಿತ ಚೆನ್ನಾಗಿ ಬರಬೇಕೆ? ಆರಂಭಕ್ಕೆ ಕೂಡುವುದು, ಕಳೆಯುವುದು, ಶೇಕಡಾವಾರು ಲೆಕ್ಕ ಸಾಕು. ಅದಕ್ಕಿಂತ ಮುಖ್ಯವಾದದ್ದು ಒಂದು ಕೆಲಸವನ್ನು ಹಂತಹಂತವಾಗಿ ಬಿಡಿಸಿ ಹೇಳುವ ಅಭ್ಯಾಸ. ಮನೆಗೆ ಬಂದ ನೆಂಟರಿಗೆ ಬಸ್ ನಿಲ್ದಾಣದಿಂದ ದಾರಿ ಹೇಳಬಲ್ಲವರಿಗೆ ಆ ಶಕ್ತಿ ಇದ್ದೇ ಇದೆ.

ಇಂಗ್ಲಿಷ್ ಬಲ್ಲವರಿಗೆ ಮಾತ್ರವೆ? ಪೈಥಾನಿನಲ್ಲಿ ಮೀಸಲು ಪದಗಳಿರುವುದು ಕೇವಲ 35. ಅವುಗಳ ಅರ್ಥ ತಿಳಿದರೆ ಉಳಿದದ್ದು ಬಳಕೆಯಿಂದ ಬರುತ್ತದೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯಬಲ್‌ಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಅಂಕ = 35 ಎಂದು ಬರೆದರೆ ಗಣಕ ತಕರಾರಿಲ್ಲದೆ ಒಪ್ಪುತ್ತದೆ. ಆದರೆ ಕೋಡಿನೊಳಗೆ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ೩೫ ಎಂದು ಬರೆದರೆ ಒಪ್ಪುವುದಿಲ್ಲ. ವಿಚಿತ್ರವೆಂದರೆ, ಬಳಕೆದಾರರು ೩೫ ಎಂದು ಟೈಪಿಸಿದ್ದನ್ನು ಪಠ್ಯವಾಗಿ ಪಡೆದು 'ಇಂಟ್' ಎಂಬ ಆದೇಶಕ್ಕೆ ಒಪ್ಪಿಸಿದರೆ ಅದು ಸರಿಯಾಗಿ 35 ಎಂದೇ ಓದಿಕೊಳ್ಳುತ್ತದೆ.

ಯಾವ ಆವೃತ್ತಿ ಕಲಿಯಬೇಕು? ಅನುಮಾನವೇ ಬೇಡ, ಪೈಥಾನ್ 3. ಹಳೆಯ ಪೈಥಾನ್ 2ಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು. ಆದರೂ ಹಳೆಯ ಪುಸ್ತಕಗಳಲ್ಲಿ, ಹಿಂದಿನ ಸಾಲಿನವರಿಂದ ಬಂದ ಟಿಪ್ಪಣಿಗಳಲ್ಲಿ ಅದರ ಉದಾಹರಣೆಗಳು ಉಳಿದಿವೆ. 'ಪ್ರಿಂಟ್' ಪದದ ನಂತರ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಹಳೆಯ ಪಾಠವೆಂದು ತಿಳಿಯಬೇಕು. ಹಳೆಯ ಆವೃತ್ತಿಯಲ್ಲಿ 5ನ್ನು 2ರಿಂದ ಭಾಗಿಸಿದರೆ 2 ಎಂಬ ಉತ್ತರ ಬರುತ್ತಿತ್ತು, ಹೊಸದರಲ್ಲಿ 2.5 ಬರುತ್ತದೆ. ಎರಡನ್ನೂ ಬೆರೆಸಿ ಕಲಿತವರು ಗೊಂದಲಕ್ಕೆ ಬೀಳುವುದು ಸಹಜ.

ಕೂಗಿ ಹೇಳುವ ತಪ್ಪುಗಳು

ದೋಷ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೊನೆಯ ಸಾಲು ತಪ್ಪು ಯಾವ ಬಗೆಯದು ಎಂದು ಹೇಳಿದರೆ, ಅದರ ಮೇಲಿನ ಸಾಲುಗಳು ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಎಂಬುದನ್ನು ಹೇಳುತ್ತವೆ. 'ನೇಮ್ ಎರರ್' ಎಂದರೆ ಗಣಕಕ್ಕೆ ಗೊತ್ತಿರದ ಹೆಸರನ್ನು ಬಳಸಿದ್ದೀರಿ ಎಂದರ್ಥ. ಬಹುತೇಕ ಕಾಗುಣಿತದ ಅಥವಾ ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸ. 'ಇಂಡೆಕ್ಸ್ ಎರರ್' ಎಂದರೆ ಪಟ್ಟಿಯಲ್ಲಿ ಇಲ್ಲದ ಸ್ಥಾನವನ್ನು ಕೇಳಿದ್ದೀರಿ. ಪೈಥಾನ್ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಐದು ಹೆಸರುಗಳ ಪಟ್ಟಿಯಲ್ಲಿ ಕೊನೆಯದರ ಸ್ಥಾನ 4, ಐದಲ್ಲ.

'ಸಿಂಟ್ಯಾಕ್ಸ್ ಎರರ್' ವ್ಯಾಕರಣದ ತಪ್ಪು. ಷರತ್ತಿನ ಸಾಲಿನ ಕೊನೆಗೆ ಇರಬೇಕಾದ : ಚಿಹ್ನೆಯನ್ನು ಮರೆಯುವುದು, ಹೋಲಿಸಲು == ಬಳಸಬೇಕಾದಲ್ಲಿ ಒಂದೇ = ಹಾಕುವುದು ಸಾಮಾನ್ಯ ಕಾರಣಗಳು. ಒಂದು ಚಿಹ್ನೆ ಬೆಲೆಯನ್ನು ತುಂಬುತ್ತದೆ, ಎರಡು ಚಿಹ್ನೆಗಳು 'ಸಮವೇ?' ಎಂದು ಕೇಳುತ್ತವೆ. ಗಣಕ ತೋರಿಸಿದ ಸಾಲು ಸರಿಯಾಗಿಯೇ ಕಂಡರೆ ಅದರ ಹಿಂದಿನ ಸಾಲನ್ನೂ ನೋಡಬೇಕು. ಅಲ್ಲಿ ಮುಚ್ಚದೆ ಬಿಟ್ಟ ಆವರಣ ಚಿಹ್ನೆ ಇರಬಹುದು. 2021ರ ಅಕ್ಟೋಬರಿನಲ್ಲಿ ಬಂದ 3.10ನೇ ಆವೃತ್ತಿಯಿಂದ ಈ ಸಂದೇಶಗಳು ಇನ್ನಷ್ಟು ಸ್ಪಷ್ಟವಾಗಿವೆ.

ಪೈಥಾನಿನಲ್ಲಿ ಸಾಲಿನ ಮೊದಲ ಖಾಲಿ ಜಾಗವೂ ವ್ಯಾಕರಣವೇ. ಷರತ್ತಿನ ಕೆಳಗೆ ಸೇರಬೇಕಾದ ಸಾಲುಗಳು ಸಮನಾಗಿ ಒಳಸರಿದಿರಬೇಕು. ನಾಲ್ಕು ಸ್ಪೇಸ್ ರೂಢಿಯಲ್ಲಿರುವ ಅಳತೆ. ಒಮ್ಮೆ ಟ್ಯಾಬ್, ಒಮ್ಮೆ ಸ್ಪೇಸ್ ಒತ್ತಿದರೆ ಕಣ್ಣಿಗೆ ಸಮನಾಗಿ ಕಂಡರೂ ಗಣಕಕ್ಕೆ ಹಾಗಲ್ಲ.

ಬಹಳ ಮಂದಿಯನ್ನು ದಾರಿ ತಪ್ಪಿಸುವ ಇನ್ನೊಂದು ತಪ್ಪು ಕಡತದ ಹೆಸರಿನದು. ಯಾದೃಚ್ಛಿಕ ಸಂಖ್ಯೆ ಕೊಡುವ 'ರ್‍ಯಾಂಡಮ್' ಎಂಬ ಸಿದ್ಧ ಭಂಡಾರ ಪೈಥಾನಿನಲ್ಲಿದೆ. ಅದನ್ನು ಅಭ್ಯಾಸ ಮಾಡುವವರು ತಮ್ಮ ಕಡತಕ್ಕೂ ಅದೇ ಹೆಸರಿಟ್ಟರೆ, ಗಣಕ ಭಂಡಾರವನ್ನು ಬಿಟ್ಟು ಅವರದೇ ಕಡತವನ್ನು ತೆರೆಯುತ್ತದೆ. ಕೋಡ್ ಸರಿಯಿದ್ದರೂ ಪ್ರೋಗ್ರಾಂ ನಡೆಯುವುದಿಲ್ಲ. ಕಡತದ ಹೆಸರು ಬದಲಿಸಿದರೆ ಸಮಸ್ಯೆ ಮುಗಿಯಿತು.

ಮೌನವಾಗಿ ಕೆಡಿಸುವ ತಪ್ಪುಗಳು

ಮೇಲಿನ ತಪ್ಪುಗಳಿಂದ ಹೋಗುವುದು ಸ್ವಲ್ಪ ಸಮಯ ಮಾತ್ರ. ಆದರೆ ಅಂಕಪಟ್ಟಿ, ಸಂಬಳ, ಸಂಘದ ಲೆಕ್ಕಗಳನ್ನು ಪೈಥಾನಿಗೆ ಒಪ್ಪಿಸಿದಾಗ ಮೌನದ ತಪ್ಪು ಇನ್ನೊಬ್ಬರ ಬದುಕನ್ನು ತಟ್ಟುತ್ತದೆ. ಕೆಲವು ಉದಾಹರಣೆಗಳನ್ನು ನೋಡಬಹುದು.

ಅಂಕಿಯಂತೆ ಕಾಣುವ ಅಕ್ಷರ: 'ಇನ್‌ಪುಟ್' ಆದೇಶದ ಮೂಲಕ ಬಳಕೆದಾರರಿಂದ ಪಡೆದದ್ದೆಲ್ಲ ಪೈಥಾನಿಗೆ ಪಠ್ಯವೇ. 45 ಮತ್ತು 40 ಎಂಬ ಎರಡು ಅಂಕಗಳನ್ನು ಹಾಗೆಯೇ ಕೂಡಿಸಿದರೆ 85ರ ಬದಲು 4540 ಬರುತ್ತದೆ. ಇದಾದರೂ ಕಣ್ಣಿಗೆ ಬೀಳುವ ತಪ್ಪು. 9, 35, 100 ಎಂಬ ಅಂಕಗಳನ್ನು ಪಠ್ಯವಾಗಿಯೇ ಇಟ್ಟು ಅತಿ ಹೆಚ್ಚು ಯಾವುದೆಂದು ಕೇಳಿದರೆ ಪೈಥಾನ್ 9 ಎನ್ನುತ್ತದೆ. ನಿಘಂಟಿನಂತೆ ಮೊದಲ ಅಕ್ಷರ ನೋಡಿ ಹೋಲಿಸುವುದೇ ಕಾರಣ. ನೂರಕ್ಕೆ ನೂರು ಪಡೆದವರು ಕೊನೆಯ ಸ್ಥಾನಕ್ಕೆ, ಒಂಬತ್ತು ಪಡೆದವರು ಮೊದಲ ಸ್ಥಾನಕ್ಕೆ! ಪಡೆದ ಕೂಡಲೇ 'ಇಂಟ್' ಬಳಸಿ ಸಂಖ್ಯೆಯಾಗಿ ಪರಿವರ್ತಿಸುವುದೇ ಪರಿಹಾರ.

ತಪ್ಪಿಹೋದ ಡಿಸೆಂಬರ್: ಸಂಖ್ಯೆಗಳ ಸರಣಿ ಕೊಡುವ 'ರೇಂಜ್' ಆದೇಶವು ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ. 1 ಮತ್ತು 12 ಎಂದು ಕೊಟ್ಟರೆ ಸಿಗುವುದು 1ರಿಂದ 11. ತಿಂಗಳವಾರು ಖರ್ಚು ಕೂಡಿಸುವ ಪ್ರೋಗ್ರಾಂ ಡಿಸೆಂಬರನ್ನು ಸದ್ದಿಲ್ಲದೆ ಕೈಬಿಡುತ್ತದೆ. ಅಲ್ಲಿ 1 ಮತ್ತು 13 ಎಂದು ಕೊಡಬೇಕು.

'ಬೇಡ' ಎಂದರೂ ಅಳಿಸುವ ಪ್ರೋಗ್ರಾಂ: 'ಕಡತ ಅಳಿಸಲೇ?' ಎಂದು ಕೇಳಿ, ಉತ್ತರ 'ಹೌದು' ಅಥವಾ 'ಹೂಂ' ಆಗಿದ್ದರೆ ಅಳಿಸು ಎಂದು ಬರೆಯುವಾಗ ಹೊಸಬರು ಮಾತಿನ ರೂಢಿಯಂತೆ ಹೋಲಿಕೆಯನ್ನು ಒಮ್ಮೆ ಮಾತ್ರ ಬರೆಯುತ್ತಾರೆ. ಪೈಥಾನ್ ಅದನ್ನು ಎರಡು ಬಿಡಿ ಮಾತುಗಳಾಗಿ ಓದುತ್ತದೆ: ಉತ್ತರ 'ಹೌದು' ಎಂಬುದು ಒಂದು, 'ಹೂಂ' ಎಂಬ ಪದ ಇನ್ನೊಂದು. ಖಾಲಿಯಲ್ಲದ ಯಾವ ಪಠ್ಯವೂ ಅದರ ದೃಷ್ಟಿಯಲ್ಲಿ 'ನಿಜ'. ಆದ್ದರಿಂದ ಷರತ್ತು ಸದಾ ನಿಜವಾಗಿ, ಬಳಕೆದಾರರು 'ಬೇಡ' ಎಂದರೂ ಕಡತ ಅಳಿದುಹೋಗುತ್ತದೆ. 'ಅಥವಾ'ದ ಎರಡೂ ಬದಿಯಲ್ಲಿ ಹೋಲಿಕೆಯನ್ನು ಪೂರ್ತಿಯಾಗಿ ಬರೆಯಬೇಕು.

ನಕಲಲ್ಲದ ನಕಲು: ಹೊಸ = ಹಳೆಯ ಎಂದು ಬರೆದರೆ ಪಟ್ಟಿಯ ಇನ್ನೊಂದು ಪ್ರತಿ ಸಿದ್ಧವಾಯಿತೆಂದು ಅನೇಕರು ನಂಬುತ್ತಾರೆ. ಆಗುವುದು ಇಷ್ಟೇ: ಒಂದೇ ಪಟ್ಟಿಗೆ ಎರಡು ಹೆಸರು. ಹೊಸದರಲ್ಲಿ ಒಂದು ಹೆಸರು ಅಳಿಸಿದರೆ ಹಳೆಯದರಲ್ಲಿಯೂ ಅಳಿದಿರುತ್ತದೆ. ನಿಜವಾದ ಪ್ರತಿ ಬೇಕಾದರೆ 'ಕಾಪಿ' ಆದೇಶವಿದೆ. ಪಟ್ಟಿಯೊಳಗೆ ಪಟ್ಟಿಗಳಿದ್ದರೆ 'ಡೀಪ್‌ಕಾಪಿ' ಬೇಕು.

ಅರ್ಧ ಅಂಕದ ಅನ್ಯಾಯ: ಉತ್ತೀರ್ಣರಾಗಲು 35 ಅಂಕ ಬೇಕಿರುವ, ಅರ್ಧ ಅಂಕವನ್ನು ಮೇಲಕ್ಕೇರಿಸುವ ನಿಯಮವುಳ್ಳ ಪರೀಕ್ಷೆಯೊಂದಿದೆ ಎಂದುಕೊಳ್ಳಿ. 34.5 ಪಡೆದವರ ಅಂಕವನ್ನು 'ರೌಂಡ್' ಆದೇಶಕ್ಕೆ ಕೊಟ್ಟರೆ ಬರುವ ಉತ್ತರ 34! ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಹಾಗಾಗಿ 35.5 ಏರಿ 36 ಆಗುತ್ತದೆ, 34.5 ಇಳಿದು 34 ಆಗುತ್ತದೆ. ಇದು ಯಂತ್ರದ ದೋಷವಲ್ಲ, ಎಲ್ಲವನ್ನೂ ಮೇಲಕ್ಕೇ ಏರಿಸುತ್ತ ಹೋದರೆ ಮೊತ್ತ ಉಬ್ಬುತ್ತದೆಂದು ಮಾಡಿಕೊಂಡ ನಿಯಮ. ಆದರೆ ಶಾಲೆಯ ನಿಯಮ ಬೇರೆಯಿದ್ದರೆ ನಷ್ಟ ವಿದ್ಯಾರ್ಥಿಗೆ.

ಹಣದ ಲೆಕ್ಕ: 0.1 + 0.2 ಎಷ್ಟೆಂದು ಕೇಳಿದರೆ ಪೈಥಾನ್ 0.30000000000000004 ಎನ್ನುತ್ತದೆ. ಮೂರನೆಯ ಒಂದು ಭಾಗವನ್ನು ನಾವು 0.333 ಎಂದು ಬರೆಯುತ್ತ ಹೋದರೂ ಮುಗಿಯದಂತೆ, ಹತ್ತನೆಯ ಒಂದು ಭಾಗವು ಗಣಕದ ದ್ವಿಮಾನ ಪದ್ಧತಿಯಲ್ಲಿ ಮುಗಿಯುವುದಿಲ್ಲ. ರೂಪಾಯಿ ಲೆಕ್ಕವನ್ನು ಪೂರ್ಣಾಂಕವಾಗಿ ಪೈಸೆಗಳಲ್ಲಿ ಇಡುವುದು ಅಥವಾ 'ಡೆಸಿಮಲ್' ಭಂಡಾರವನ್ನು ಬಳಸುವುದು ಕ್ಷೇಮ.

ಕನ್ನಡ ಪಠ್ಯದ ಲೆಕ್ಕ

'ಕನ್ನಡ' ಪದದಲ್ಲಿ ಎಷ್ಟು ಅಕ್ಷರ? ಮೂರು ಎಂದು ನಾವೆನ್ನುತ್ತೇವೆ. ಪೈಥಾನಿನ ಪ್ರಕಾರ ಐದು. ಯೂನಿಕೋಡ್‌ನಲ್ಲಿ ಒತ್ತಕ್ಷರವು ವ್ಯಂಜನ, ವಿರಾಮ ಚಿಹ್ನೆ, ಮತ್ತೊಂದು ವ್ಯಂಜನ ಎಂದು ಮೂರು ಸಂಕೇತಗಳಾಗಿ ಕೂರುತ್ತದೆ. ಕಾಗುಣಿತದ ಚಿಹ್ನೆಗಳೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ಹೀಗಾಗಿ 'ಕರ್ನಾಟಕ' ಏಳಾಗುತ್ತದೆ. ಹೆಸರನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸುವ ಪ್ರೋಗ್ರಾಂ ಕನ್ನಡದ ಹೆಸರನ್ನು ಒತ್ತಕ್ಷರದ ನಡುವೆಯೇ ತುಂಡರಿಸಿಬಿಡಬಹುದು. ಕನ್ನಡ ಕಡತ ತೆರೆಯುವಾಗ 'ಯುಟಿಎಫ್-8' ಎಂದು ಸ್ಪಷ್ಟವಾಗಿ ತಿಳಿಸುವುದನ್ನೂ ಮರೆಯಬಾರದು. ಇಲ್ಲವಾದರೆ ವಿಂಡೋಸ್ ಗಣಕಗಳಲ್ಲಿ ಅಕ್ಷರಗಳು ಕಲಸುಮೇಲೋಗರವಾಗುವ ಸಾಧ್ಯತೆಯಿದೆ.

ಪಾರಾಗುವ ದಾರಿ

ಮೌನದ ತಪ್ಪನ್ನು ಹಿಡಿಯಲು ಹಳೆಯ ಉಪಾಯವೇ ಸಾಕು: ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕವನ್ನು ಕೈಯಲ್ಲಿ ಮಾಡಿ, ಅದನ್ನೇ ಪ್ರೋಗ್ರಾಮಿಗೆ ಕೊಟ್ಟು ನೋಡುವುದು. ಮೂವರು ವಿದ್ಯಾರ್ಥಿಗಳ ಅಂಕ ಸರಿಬಂದರೆ ಮುನ್ನೂರು ಜನರ ಅಂಕಕ್ಕೆ ಕೈ ಹಾಕಬಹುದು. ಪರೀಕ್ಷಿಸುವಾಗ ಅಂಚಿನ ಬೆಲೆಗಳನ್ನು ಕೊಡಬೇಕು: ಸೊನ್ನೆ, ನೂರು, 34.5, ಖಾಲಿ ಪಟ್ಟಿ, ಕೊನೆಯ ತಿಂಗಳು. ತಪ್ಪುಗಳು ಅಡಗಿ ಕೂರುವುದು ಅಂಚಿನಲ್ಲಿಯೇ. ನಡುವೆ ಅಲ್ಲಲ್ಲಿ 'ಪ್ರಿಂಟ್' ಹಾಕಿ ವೇರಿಯಬಲ್‌ನ ಬೆಲೆ ಏನಾಗುತ್ತಿದೆ ಎಂದು ನೋಡುವುದು ನಾಚಿಕೆಯ ಸಂಗತಿಯಲ್ಲ. ಅನುಭವಿಗಳೂ ಅದನ್ನೇ ಮಾಡುತ್ತಾರೆ.

ಕೇಳಿದೊಡನೆ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ 'ಇನ್ನು ಕಲಿಯಬೇಕೇಕೆ?' ಎಂಬ ಪ್ರಶ್ನೆಯೂ ಹುಟ್ಟಿದೆ. ಆ ಸಾಧನಗಳು ಕೊಡುವ ಕೋಡ್ ಬಹುತೇಕ ದೂರಿಲ್ಲದೆ ನಡೆಯುತ್ತದೆ. ಆದರೆ ನಡೆದ ಮಾತ್ರಕ್ಕೆ ಸರಿಯೆಂದು ಹೇಳಲಾಗದು ಎಂಬುದಕ್ಕೆ ಮೇಲಿನ ಉದಾಹರಣೆಗಳೇ ಸಾಕ್ಷಿ. ನಿಮ್ಮ ಶಾಲೆಯಲ್ಲಿ ಅರ್ಧ ಅಂಕವನ್ನು ಏನು ಮಾಡಬೇಕು, ನಿಮ್ಮ ಸಂಘದ ಲೆಕ್ಕದ ವರ್ಷ ಎಲ್ಲಿ ಮುಗಿಯುತ್ತದೆ ಎಂಬುದನ್ನು ತಿಳಿದವರು ನೀವು. ಬರೆಯುವ ಕೆಲಸವನ್ನು ಯಂತ್ರಕ್ಕೆ ವಹಿಸಿದರೂ ಓದಿ ಪರಿಶೀಲಿಸುವ ಹೊಣೆ ತಪ್ಪದು.

ಆದ್ದರಿಂದ ಹೊಸದಾಗಿ ಕಲಿಯುವವರು ದೋಷ ಸಂದೇಶ ಬಂದಾಗ ಧೃತಿಗೆಡಬೇಕಿಲ್ಲ. ಕೊನೆಯ ಸಾಲನ್ನು ಓದಿ, ಸಾಲಿನ ಸಂಖ್ಯೆ ಹುಡುಕಿ, ತಿದ್ದಿ ಮುಂದೆ ಸಾಗಬೇಕು. ಯಾವ ಸಂದೇಶವೂ ಬಾರದೆ ಮೊದಲ ಸಲಕ್ಕೇ ಉತ್ತರ ಬಂದುಬಿಟ್ಟರೆ ಮಾತ್ರ ಒಮ್ಮೆ ಕಾಗದ, ಪೆನ್ನು ಕೈಗೆತ್ತಿಕೊಂಡು ಲೆಕ್ಕ ತಾಳೆ ನೋಡುವುದು ಒಳ್ಳೆಯದು.