ಹೈಮಾಸ್ಟ್ ದೀಪ ಕೆಟ್ಟರೆ ಯಾರೂ ಹತ್ತಬೇಕಿಲ್ಲ, ದೀಪವೇ ಕೆಳಗಿಳಿಯುತ್ತೆ! ಹೇಗೆ ಗೊತ್ತಾ?

ದೊಡ್ಡಬಳ್ಳಾಪುರ: ಸರ್ಕಲ್‌ನಲ್ಲಿ, ಬಸ್ ನಿಲ್ದಾಣದ ಎದುರು, ಹೆದ್ದಾರಿ ಕೂಡುವ ಕಡೆ ನಿಂತಿರುವ ಹೈಮಾಸ್ಟ್ ಕಂಬವನ್ನು ಎಲ್ಲರೂ ನೋಡಿರುತ್ತಾರೆ. ಅದರಲ್ಲಿ ಮೊದಲು ಒಂದು ದೀಪ ಆರುತ್ತದೆ, ಆಮೇಲೆ ಮೂರು, ಕೊನೆಗೆ ಇಡೀ ಸರ್ಕಲ್ ಕತ್ತಲು. ಕೇಳಿದರೆ ‘ಅಷ್ಟು ಎತ್ತರಕ್ಕೆ ಯಾರು ಹತ್ತೋದು, ಕ್ರೇನ್ ಬರ್ಬೇಕು’ ಅನ್ನೋ ಉತ್ತರ ಸಿಗೋದೂ ಉಂಟು. ಅಸಲಿಗೆ ಹೈಮಾಸ್ಟ್ ಮಾಡಿರುವುದೇ ಯಾರೂ ಹತ್ತದಿರಲಿ ಎಂದು.

ಮಾಸ್ಟ್ ಅಂದರೆ ಮೂಲದಲ್ಲಿ ಹಡಗು, ದೋಣಿಗಳಲ್ಲಿ ಹಾಯಿ ಕಟ್ಟುವ ಕಂಬ. ಸಣ್ಣ ಹಾಯಿದೋಣಿಯಲ್ಲಿ ತುದಿಗೆ ದೀಪವನ್ನೋ ಆಂಟೆನಾವನ್ನೋ ಹಾಕಬೇಕಾದರೆ ಕಂಬವನ್ನೇ ಮಲಗಿಸಿ, ಕೆಲಸ ಮುಗಿಸಿ, ಮತ್ತೆ ಎತ್ತಿ ನಿಲ್ಲಿಸುತ್ತಾರೆ. ನಮ್ಮ ಸರ್ಕಲ್‌ನ ಮಾಸ್ಟ್ ಮಲಗೋದಿಲ್ಲ. ಕಂಬ ಅಲ್ಲೇ ಇರುತ್ತದೆ, ದೀಪ ಕಟ್ಟಿದ ಉಂಗುರ ಮಾತ್ರ ಇಳಿದು ಬರುತ್ತದೆ.

ಕಂಬದ ಒಳಗೆ ಏನಿದೆ?

ಹೈಮಾಸ್ಟ್ ಸಾಮಾನ್ಯವಾಗಿ 12ರಿಂದ 30 ಮೀಟರ್ ಎತ್ತರ ಇರುತ್ತದೆ. ತುಕ್ಕು ಹಿಡಿಯದಂತೆ ಸತು ಲೇಪಿಸಿದ ಉಕ್ಕಿನ ಕೊಳವೆಗಳನ್ನು ಒಂದರೊಳಗೊಂದು ಬಿಗಿಯಾಗಿ ಕೂರಿಸಿ ನಿಲ್ಲಿಸಿರುತ್ತಾರೆ. ಬುಡದಲ್ಲಿ ಬೀಗ ಹಾಕಿದ ಒಂದು ಬಾಗಿಲು. ಅದರೊಳಗೆ ವಿಂಚ್, ಅಂದರೆ ಹಗ್ಗ ಸುತ್ತುವ ಗೇರ್ ಯಂತ್ರ. ಕಂಬದ ನೆತ್ತಿಯಲ್ಲಿ ರಾಟೆಗಳು. ವಿಂಚ್‌ನಿಂದ ಹೊರಟ ಉಕ್ಕಿನ ಹಗ್ಗಗಳು ಕಂಬದ ಒಳಗೇ ಮೇಲೇರಿ, ರಾಟೆ ದಾಟಿ, ಹೊರಗಿನ ಉಂಗುರವನ್ನು ಹಿಡಿದಿರುತ್ತವೆ. ಬಾವಿಯ ರಾಟೆ, ಕೊಡದ ಲೆಕ್ಕವೇ.

ವಿಂಚ್‌ನ ಗೇರ್ ಮಾತ್ರ ವಿಶೇಷ. ಹಿಡಿಕೆ ತಿರುಗಿಸಿದರೆ ಉಂಗುರ ಇಳಿಯುತ್ತೆ, ಆದರೆ ಉಂಗುರದ ಭಾರಕ್ಕೆ ಹಿಡಿಕೆ ತಾನಾಗಿ ತಿರುಗೋದಿಲ್ಲ. ಹಾಗಾಗಿ ಕೈ ಬಿಟ್ಟ ತಕ್ಷಣ ಉಂಗುರ ಜಾರಿ ಬೀಳುವುದಿಲ್ಲ. ಗೇರ್ ಸವೆದಿದ್ದರೆ ಈ ಭರವಸೆ ಇಲ್ಲ.

ಇಳಿಸುವ ಕ್ರಮ

* ಮೊದಲು ಮೇನ್ ಆಫ್. ಆಮೇಲೆ ಬುಡದಲ್ಲಿರುವ ಕೇಬಲ್ ಪ್ಲಗ್ ಬಿಚ್ಚಬೇಕು. ಉಂಗುರ ಹೊರಗೆ ಕೆಳಗೆ ಬಂದಷ್ಟೂ ಒಳಗಿನ ಕೇಬಲ್ ಮೇಲಕ್ಕೆ ಹೋಗುತ್ತದೆ. ಪ್ಲಗ್ ಮರೆತರೆ ಕೇಬಲ್ ಕಿತ್ತು ಬರುತ್ತದೆ.
* ಕಂಬದ ಸುತ್ತ ಹಗ್ಗ ಕಟ್ಟಿ ಜನ, ಗಾಡಿ, ತಳ್ಳುಗಾಡಿಗಳನ್ನು ದೂರ ಕಳಿಸಬೇಕು. ಉಂಗುರದ ಕೆಳಗೆ ಯಾರೂ ನಿಲ್ಲಕೂಡದು.
* ಮೋಟಾರ್ ಇದ್ದರೆ ಉದ್ದ ವೈರಿನ ಸ್ವಿಚ್ ಹಿಡಿದು ದೂರದಲ್ಲಿ ನಿಂತೇ ಇಳಿಸಬೇಕು. ಗಾಳಿ ಜೋರಾಗಿದ್ದರೆ ಕೆಲಸ ಮುಂದೂಡುವುದೇ ಸರಿ.
* ಉಂಗುರ ಪೂರ್ತಿ ಇಳಿದ ಮೇಲೂ ವಿಂಚ್ ಡ್ರಮ್ ಮೇಲೆ ಹಗ್ಗದ ಕೆಲವು ಸುತ್ತು ಉಳಿದಿರಲೇಬೇಕು.

ಹೊಸ ದೀಪ ಹಾಕುವಾಗ

ಹಳೇ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕುವಾಗ ತೂಕದ ಲೆಕ್ಕ ಮುಖ್ಯ. ಉಂಗುರದ ಎದುರುಬದುರು ಒಂದೇ ತೂಕ ಇರಬೇಕು. ಒಂದೇ ಕಡೆ ಎರಡು ಭಾರದ ದೀಪ ಬಿಗಿದರೆ ಉಂಗುರ ವಾಲುತ್ತದೆ, ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಳಗಿರುವಾಗಲೇ ಪ್ರತ್ಯೇಕ ವೈರ್ ಜೋಡಿಸಿ ಎಲ್ಲ ದೀಪ ಉರಿಯುತ್ತಾ ಅಂತ ನೋಡಿ, ಆ ವೈರ್ ಬಿಚ್ಚಿ, ಆಮೇಲೆ ಎತ್ತಬೇಕು. ಉಕ್ಕಿನ ಹಗ್ಗದ ಎಳೆ ಬಿಟ್ಟಿದೆಯಾ, ವಿಂಚ್‌ನಲ್ಲಿ ಎಣ್ಣೆ ಇದೆಯಾ ಎಂದು ನೋಡಲೂ ಇದೇ ಸಮಯ. ವರ್ಷಗಟ್ಟಲೆ ಬಾಗಿಲೇ ತೆಗೆಯದಿದ್ದರೆ ವಿಂಚ್ ಜಾಮ್ ಆಗುತ್ತದೆ. ‘ಕ್ರೇನ್ ಬರ್ಬೇಕು’ ಅನ್ನೋ ಸ್ಥಿತಿ ಬರೋದು ಆಗಲೇ.

ಎಲ್ಲ ಕಂಬಕ್ಕೂ ಈ ಸೌಲಭ್ಯ ಇಲ್ಲ ಅನ್ನೋದೂ ನಿಜ. ಹಳ್ಳಿಗಳಲ್ಲಿ ಹಾಕುವ ಗಿಡ್ಡ ಮಿನಿ ಮಾಸ್ಟ್‌ಗಳಲ್ಲಿ ಹಲವಕ್ಕೆ ದೀಪ ತುದಿಗೇ ಬಿಗಿದಿರುತ್ತದೆ, ವಿಂಚ್ ಇರಲ್ಲ. ಅಲ್ಲಿ ಬುಟ್ಟಿ ಇರುವ ಏಣಿ ಗಾಡಿಯೇ ಬೇಕು. ಬರೀ ಕಬ್ಬಿಣದ ಏಣಿ ತಂದು ಒರಗಿಸುವುದು ಅಪಾಯ. ಪಕ್ಕದಲ್ಲಿ 11 ಕೆವಿ ಲೈನ್ ಹೋಗಿದ್ದರೆ ಏಣಿ ತಗುಲಿದ ಕ್ಷಣವೇ ಜೀವ ಹೋಗಬಹುದು. ಬೋರ್‌ವೆಲ್ ಪೈಪ್ ಎತ್ತುವಾಗ, ಹಬ್ಬಕ್ಕೆ ಧ್ವಜದ ಕಂಬ ನಿಲ್ಲಿಸುವಾಗಲೂ ಇದೇ ಮಾತು: ಎತ್ತೋಕೆ ಮೊದಲು ತಲೆ ಎತ್ತಿ ನೋಡಿ.

ಫ್ಲೆಕ್ಸ್ ಕಟ್ಟಿದರೆ ಅದೇ ಹಾಯಿ

ಹೈಮಾಸ್ಟ್‌ಗೆ ಫ್ಲೆಕ್ಸ್ ಕಟ್ಟುವುದು ಕಂಬಕ್ಕೆ ಹಾಯಿ ಕಟ್ಟಿದಂತೆಯೇ. ಕಂಬವನ್ನು ತನ್ನ ಮತ್ತು ದೀಪಗಳ ಮೇಲೆ ಬೀಳುವ ಗಾಳಿಯ ಲೆಕ್ಕ ಹಾಕಿ ಮಾಡಿರುತ್ತಾರೆ, ಫ್ಲೆಕ್ಸ್‌ನದ್ದನ್ನಲ್ಲ. ಗಾಳಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬೀಸಿದರೆ ಒಂದು ಚದರ ಮೀಟರ್ ಮೇಲೆ ಸುಮಾರು 24 ಕೆ.ಜಿ. ಒತ್ತಡ ಬೀಳುತ್ತದೆ. 10 ಅಡಿಗೆ 8 ಅಡಿ ಫ್ಲೆಕ್ಸ್ ಅಂದರೆ ಹೆಚ್ಚುಕಮ್ಮಿ 180 ಕೆ.ಜಿ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಏಪ್ರಿಲ್, ಮೇ ತಿಂಗಳ ಗಾಳಿಮಳೆ ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ. ಹಾಗೆಯೇ ಬಾಗಿಲಿಗೆ ಅಡ್ಡವಾಗಿ ಫ್ಲೆಕ್ಸ್, ಪೆಟ್ಟಿ ಅಂಗಡಿ ಬಂದರೆ ವಿಂಚ್ ಹತ್ತಿರ ಹೋಗಲೂ ಆಗೋದಿಲ್ಲ.

ಯಾರಿಗೆ ಹೇಳಬೇಕು?

ಪಟ್ಟಣದೊಳಗಿನ ದೀಪಕ್ಕೆ ನಗರಸಭೆ ಅಥವಾ ಪುರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ನೆಲಮಂಗಲದಲ್ಲಿ ತುಮಕೂರು, ಹಾಸನ ದಾರಿ ಕವಲೊಡೆಯುವಂಥ ರಾಷ್ಟ್ರೀಯ ಹೆದ್ದಾರಿ ಜಾಗಗಳಾದರೆ ಸಹಾಯವಾಣಿ 1033. ಕಂಬ ಮುಟ್ಟಿದಾಗ ಶಾಕ್ ಹೊಡೆದರೆ, ಲೈನ್ ತುಂಡಾಗಿ ಬಿದ್ದಿದ್ದರೆ ದೂರ ನಿಂತು ತಕ್ಷಣ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ದೂರು ಕೊಡುವಾಗ ‘ಲೈಟ್ ಇಲ್ಲ’ ಅಂತಷ್ಟೇ ಹೇಳಿ ಸುಮ್ಮನಾಗಬೇಡಿ. ‘ಈ ಕಂಬದ ಉಂಗುರ ಕೊನೇ ಸಲ ಇಳಿಸಿದ್ದು ಯಾವಾಗ, ಹಗ್ಗ ಪರೀಕ್ಷೆ ಮಾಡಿದ್ದು ಯಾವಾಗ’ ಎಂದೂ ಕೇಳಿ. ಆ ತಾರೀಕು ಸಿಕ್ಕರೆ, ಕತ್ತಲಿಗೆ ಕಾರಣ ಬಲ್ಬಾ ಅಥವಾ ನಿರ್ವಹಣೆಯಾ ಅನ್ನೋದು ಅರ್ಧ ತಿಳಿದಂತೆ.